ಗ್ಯಾಸ್‌ಗೂ ಗ್ಯಾಸ್ಟ್ರಿಕ್‌ಗೂ ಏನು ನಂಟು?

"ಡಾಕ್ಟ್ರೇ, ಗ್ಯಾಸ್ಟ್ರಿಕ್ ಎದೆಗೆ ಏರಿಬಿಟ್ಟಿದೆ."

ಈ ಮಾತು ಕೇಳದ ದಿನವೇ ಇಲ್ಲ. ತೇಗು ಬಂದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಅದೇ. ಗ್ಯಾಸ್ ಜಾಸ್ತಿಯಾದರೆ ಗ್ಯಾಸ್ಟ್ರಿಕ್ ಅನ್ನೋದು ಎಲ್ಲರ ಲೆಕ್ಕ. ಎರಡೂ ಪದ ಒಂದೇ ಥರ ಶುರುವಾಗುತ್ತವೆ, ಅಲ್ವಾ?

ಆದರೆ ನಂಟೇ ಇಲ್ಲ. ಗ್ರೀಕ್‌ನಲ್ಲಿ 'ಗ್ಯಾಸ್ಟರ್' ಅಂದರೆ ಹೊಟ್ಟೆ. ಗ್ಯಾಸ್ಟ್ರಿಕ್ ಅಂದರೆ 'ಜಠರದ' ಅಂತ ಅಷ್ಟೇ, ಕಾಯಿಲೆಯ ಹೆಸರೇ ಅಲ್ಲ. 'ನನಗೆ ಜಠರದ ಆಗಿದೆ' ಅಂದರೆ ಹೇಗಿರುತ್ತದೆ ನೋಡಿ! ಗ್ಯಾಸ್ ಪದ ಈಚಿನದು. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ಫ್ಲೆಮಿಶ್ ವೈದ್ಯ 'ಕೇಯಾಸ್' ಎಂಬ ಗ್ರೀಕ್ ಪದವನ್ನು ತಿರುಚಿ ಅದನ್ನು ಹುಟ್ಟಿಸಿದ. ವ್ಯಾಕ್ಸೀನ್, ವ್ಯಾಕ್ಯೂಮ್ ಕೂಡ ಹೀಗೇ, ಒಂದೇ ಥರ ಶುರುವಾದರೂ ನಂಟಿಲ್ಲ. ಮೊದಲನೆಯದರ ಬೇರು 'ಹಸು' ಎಂಬರ್ಥದ ಲ್ಯಾಟಿನ್ ಪದ, ಎರಡನೆಯದರದ್ದು 'ಖಾಲಿ' ಎಂಬರ್ಥದ್ದು.

ಪದ ಹಾಳಾಗಿ ಹೋಗಲಿ, ಮಾತ್ರೆಯ ಕಥೆ ಕೇಳಿ. ತೇಗಿನಲ್ಲಿ ಬರುವುದು ಹೆಚ್ಚಾಗಿ ನಾವೇ ನುಂಗಿದ ಗಾಳಿ. ಕೆಳಗಿನಿಂದ ಹೋಗುವ ಗ್ಯಾಸ್ ಬಹುಪಾಲು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಯಾರಿಸಿದ್ದು. ಬೆಳಿಗ್ಗೆ ಎದ್ದ ಕೂಡಲೇ ಸುಮ್ನೆ ನುಂಗುವ 'ಗ್ಯಾಸ್ ಮಾತ್ರೆ' ಇದೆಯಲ್ಲ, ಅದು ಸಾಮಾನ್ಯವಾಗಿ ಜಠರದ ಆಮ್ಲ ಕಡಿಮೆ ಮಾಡುವಂಥದ್ದು. ಗಾಳಿಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಒಮ್ಮೆ ಐವತ್ತು ದಾಟಿದ ಒಬ್ಬರು ಬೆಳಗಿನ ಜಾವ ಬಂದರು. ರಾತ್ರಿಯೆಲ್ಲ ಸೋಡಾ ಕುಡಿದು ತೇಗು ಬರಲಿ ಅಂತ ಕಾದಿದ್ದರಂತೆ. ಶರ್ಟಿನ ಕಾಲರ್ ಬೆವರಿಗೆ ತೊಯ್ದಿತ್ತು. ಮುಷ್ಟಿ ಎದೆಗೂಡಿನ ಕೆಳಗೆ ಒತ್ತಿಕೊಂಡೇ ಇದ್ದರು. ಇಸಿಜಿ ತೆಗೆದರೆ ಹೃದಯಾಘಾತ. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು. ಜೊತೆಗೆ ಬೆವರು, ಉಸಿರುಕಟ್ಟು, ದವಡೆಗೋ ತೋಳಿಗೋ ಹರಿಯುವ ನೋವು ಇದ್ದರೆ ಸೋಡಾ ಹುಡುಕುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕೆಲವೊಮ್ಮೆ ನೋವೂ ಇರುವುದಿಲ್ಲ.

ಅಂದಿನಿಂದ ನನ್ನದೊಂದು ಷರತ್ತು. ಗ್ಯಾಸ್ಟ್ರಿಕ್ ಅನ್ನುವ ಪದ ಬಿಟ್ಟು ಹೇಳಿ, ಬೆರಳಿಟ್ಟು ತೋರಿಸಿ. ಮೊನ್ನೆ ಒಬ್ಬ ಅಜ್ಜಿಗೆ ಹಾಗಂದೆ. ಸ್ವಲ್ಪ ಮುನಿಸಿಕೊಂಡೇ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಬೆರಳಿಟ್ಟರು. "ಇಲ್ಲಿ ಉರಿ. ಮಂಡಿನೋವಿಗೆ ಮಾತ್ರೆ ತಗೋತೀನಲ್ಲ, ಅದಾದ ಮೇಲೆ ಜಾಸ್ತಿ." ಎಷ್ಟು ದಿನದಿಂದ? "ಎರಡು ತಿಂಗಳು." ಏನಾದರೂ ತಿಂದು ತಗೋತೀರಾ? "ಇಲ್ಲಪ್ಪ, ಖಾಲಿ ಹೊಟ್ಟೇಲೇ."

ನೋವಿನ ಮಾತ್ರೆ ಜಠರದ ಒಳಪದರವನ್ನು ಕೆರಳಿಸಿತ್ತು. ಆ ಪದ ಹೇಳಿದ್ದರೂ ಅವತ್ತು ಅಜ್ಜಿಯದು ತಪ್ಪಾಗುತ್ತಿರಲಿಲ್ಲ.