ಮೂರನೆಯ ಗುಹೆಯ ಓರೆಗೆರೆಗಳು

ಬಾದಾಮಿಯ ಮೂರನೆಯ ಗುಹೆಯ ಮುಂದೆ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬ ಹುಡುಗಿ ಕಂಬದ ಮೇಲಿನ ಕೆಂಪು-ಬಿಳಿ ಗೆರೆಗಳನ್ನು ತೋರಿಸಿ, "ಸರ್, ಈ ಬಣ್ಣ ಯಾರು ಬಳಿದರು?" ಎಂದು ಕೇಳಿದಳು. ಯಾರೂ ಬಳಿದಿಲ್ಲ, ಕಲ್ಲಿನ ಬಣ್ಣವೇ ಹಾಗೆ ಎಂದರು ಶಿಕ್ಷಕರು. "ಹಾಗಾದರೆ ಈ ಕಲ್ಲು ಎಷ್ಟು ಹಳೆಯದು?" ಎಂದು ಅವಳು ಬಿಡದೆ ಕೇಳಿದಳು. ಶಿಕ್ಷಕರು ಹೆಮ್ಮೆಯಿಂದ ಹೇಳಿದರು: "ಭೂಮಿಗೆ 432 ಕೋಟಿ ವರ್ಷ ಎಂದು ನಮ್ಮ ಹಿರಿಯರು ಎಂದೋ ಹೇಳಿದ್ದಾರೆ. ವಿಜ್ಞಾನಿಗಳು ಈಗ 454 ಕೋಟಿ ಎನ್ನುತ್ತಿದ್ದಾರೆ, ಅಷ್ಟೇ."

ಸಾಲು ಮುಂದಕ್ಕೆ ಹೋಯಿತು. ನನಗೆ ಮಾತ್ರ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಆ ಹುಡುಗಿ ಕೇಳಿದ್ದು ಕಲ್ಲಿನ ಬಗ್ಗೆ, ಸಿಕ್ಕಿದ್ದು ಒಂದು ಸಂಖ್ಯೆ.

432 ಕೋಟಿ ವರ್ಷ ಎಂಬುದು ಒಂದು ಕಲ್ಪದ ಪೂರ್ತಿ ಅಳತೆ, ಬ್ರಹ್ಮನ ಒಂದು ಹಗಲು. ಅದರಲ್ಲಿ ಈವರೆಗೆ ಕಳೆದದ್ದು ಸೂರ್ಯಸಿದ್ಧಾಂತದ ಲೆಕ್ಕದಂತೆ 200 ಕೋಟಿಗಿಂತ ತುಸು ಕಡಿಮೆ. ಎಂದರೆ ಹೋಲಿಸಲೇಬೇಕೆಂದರೂ ಹೋಲಿಸಬೇಕಾದ ಸಂಖ್ಯೆ ಬೇರೆ, ಅದು 454ರ ಹತ್ತಿರಕ್ಕೂ ಬರುವುದಿಲ್ಲ. ಇದರಿಂದ ನಮ್ಮ ಹಿಂದಿನವರು ಸಣ್ಣವರಾಗುವುದಿಲ್ಲ. ವಿಜಯಪುರದವರೆಂದು ನಾವು ಹೇಳಿಕೊಳ್ಳುವ ಭಾಸ್ಕರಾಚಾರ್ಯರು 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದಾಗ ಕಲ್ಪವನ್ನು ಬಳಸಿದ್ದು ಗ್ರಹಗಳ ಗಣಿತಕ್ಕೆ. ಪ್ರತಿ ಗ್ರಹವೂ ಚೂರುಪಾರು ಉಳಿಯದಂತೆ ಪೂರ್ಣ ಸುತ್ತುಗಳನ್ನು ಮುಗಿಸಬೇಕಾದರೆ ಅಷ್ಟು ದೊಡ್ಡ ಅವಧಿ ಬೇಕು. ಅದು ಗಣಿತಜ್ಞರ ಜಾಣ ಉಪಕರಣ. ಅವರು ಆಕಾಶ ನೋಡಿ ಲೆಕ್ಕ ಹಾಕಿದರು, ಕಾಲ ಕೆಳಗಿನ ಕಲ್ಲನ್ನು ಯಾರೂ ಕೇಳಿರಲಿಲ್ಲ.

ಯುರೋಪಿನಲ್ಲಿಯೂ ಕೇಳಿರಲಿಲ್ಲ. ವಿಜಯಪುರದಲ್ಲಿ ಮಹಮ್ಮದ್ ಆದಿಲ್ ಶಾಹ ಆಳುತ್ತಿದ್ದ ಕಾಲದಲ್ಲಿ, 1650ರಲ್ಲಿ, ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳನ್ನು ಕೂಡಿ, ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಪ್ರಕಟಿಸಿದರು. ಅಷರ್ ಶ್ರದ್ಧೆಯ ವಿದ್ವಾಂಸರು, ಅವರ ಕೂಡುವಿಕೆ ತಪ್ಪಿರಲಿಲ್ಲ. ಅವರೂ ಗ್ರಂಥವನ್ನು ಕೇಳಿದರು.

ಕಲ್ಲನ್ನು ಕೇಳುವುದು ಹೇಗೆ? ಅದಕ್ಕೆ ಮೊದಲ ಸೂತ್ರ ಕೊಟ್ಟವರು 1669ರಲ್ಲಿ ನಿಕೊಲಾಸ್ ಸ್ಟೆನೊ. ನೀರಿನಲ್ಲಿ ಕೂತ ಪದರ ಮಟ್ಟಸವಾಗಿರುತ್ತದೆ, ಕೆಳಗಿನದು ಹಳೆಯದು, ಮೇಲಿನದು ಹೊಸದು. ಡಬರಿಯಲ್ಲಿ ಜೋಳದ ರೊಟ್ಟಿ ಒಟ್ಟಿದಂತೆ: ತಳದ ರೊಟ್ಟಿ ಬೆಳಗಿನದು, ಮೇಲಿನದು ಈಗಷ್ಟೇ ಹಂಚಿನಿಂದ ಇಳಿದದ್ದು. ಇಷ್ಟು ಸರಳ. ಆದರೆ ಇದರ ಕೊನೆಯವರೆಗೆ ಹೋಗಲು ಇನ್ನೂ ನೂರು ವರ್ಷ ಬೇಕಾಯಿತು.

1788ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಇಬ್ಬರು ಗೆಳೆಯರೊಂದಿಗೆ ದೋಣಿ ಹತ್ತಿ ಸ್ಕಾಟ್ಲೆಂಡಿನ ಸಿಕಾರ್ ಪಾಯಿಂಟ್ ಎಂಬ ಕಡಲಂಚಿಗೆ ಹೋದರು. ಅಲ್ಲಿ ಬೂದು ಬಣ್ಣದ ಪದರಗಳು ನೆಟ್ಟಗೆ ನಿಂತಿವೆ. ಅವುಗಳ ತಲೆಯ ಮೇಲೆ ಕೆಂಪು ಮರಳುಗಲ್ಲು ತುಸುವೇ ವಾಲಿ ಮಲಗಿದೆ. ಇದನ್ನು ನೋಡಲು ನಾವು ಸ್ಕಾಟ್ಲೆಂಡಿಗೆ ಹೋಗಬೇಕಾಗಿಲ್ಲ. ಕಲಾದಗಿ, ಲೋಕಾಪುರದ ಕಡೆ ಕಲ್ಲಿನ ಪದರಗಳು ಬಾಗಿ, ಮಡಚಿ, ಓರೆಯಾಗಿ ನಿಂತಿವೆ. ದಕ್ಷಿಣಕ್ಕೆ ಬಂದರೆ ಬಾದಾಮಿಯ ಕೆಂಪು ಮರಳುಗಲ್ಲು ಹೆಚ್ಚುಕಡಿಮೆ ಮಟ್ಟಸ. ಮಡಚಿದ್ದು ಹಳೆಯದು, ಮಲಗಿದ್ದು ಹೊಸದು, ಎರಡರ ನಡುವೆ ಒಂದು ಸಂದು.

ಆ ಸಂದಿನ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಅಜ್ಜಿಯ ಕೌದಿಯನ್ನು ನೆನೆಸಿಕೊಳ್ಳಿ. ಹಳೆಯ ಸೀರೆ, ಧೋತರದ ಪದರಗಳನ್ನು ಒಂದರ ಮೇಲೊಂದು ಹಾಸಿ ಹೊಲಿದದ್ದು. ಅದನ್ನು ಎರಡೂ ಕಡೆಯಿಂದ ದೂಡಿದರೆ ಮಡಿಕೆ ಮಡಿಕೆಯಾಗಿ ಮೇಲೇಳುತ್ತದೆ. ಈಗ ಕತ್ತರಿ ಹಿಡಿದು ಮೇಲೆದ್ದ ಮಡಿಕೆಗಳ ನೆತ್ತಿಯನ್ನೆಲ್ಲ ಸಮನಾಗಿ ಕತ್ತರಿಸಿ ಹಾಕಿ. ಆ ಕತ್ತರಿಸಿದ ಮೈಮೇಲೆ ಹೊಸ ಜಮಖಾನೆ ಹಾಸಿ. ಕಲಾದಗಿಯ ಕೌದಿ, ಬಾದಾಮಿಯ ಜಮಖಾನೆ. ಕೌದಿಯಾದರೆ ಒಂದು ಗಳಿಗೆಯ ಕೆಲಸ. ಕಲ್ಲಿನಲ್ಲಿ ಕತ್ತರಿಯೆಂದರೆ ಮಳೆ, ಗಾಳಿ, ಬಿಸಿಲು. ಇನ್ನೊಂದು ಬಗೆಯಲ್ಲಿ ನೋಡಿ: ಹಳ್ಳಿಯ ಹಾಳುಮನೆಯ ಮುರಿದ ಗೋಡೆಗಳನ್ನು ಸಮ ಮಾಡಿ ಅದರ ಮೇಲೆಯೇ ಹೊಸ ಮನೆ ಕಟ್ಟಿದ್ದಾರೆ ಎಂದುಕೊಳ್ಳಿ. ಅಡಿಪಾಯ ಅಗೆದವನಿಗೆ ಎರಡು ಮನೆಗಳ ಕಾಲ ಮಾತ್ರವಲ್ಲ, ಮೊದಲನೆಯದು ಕಟ್ಟಿ, ಬಾಳಿ, ಬಿದ್ದು, ಹಾಳು ಸುರಿದ ಕಾಲವೂ ತಿಳಿಯುತ್ತದೆ. ಆ ಸಂದಿನಲ್ಲಿ ಏನೂ ಇಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ಕಾಲ ಇರುವುದು ಅಲ್ಲಿಯೇ.

ಕೆಸರು, ಮರಳು ಕೂತು ಕಲ್ಲಾಗಬೇಕು. ಕಲ್ಲು ಮಡಚಿ ಬೆಟ್ಟವಾಗಬೇಕು. ಬೆಟ್ಟ ಕಾಳುಕಾಳಾಗಿ ಸವೆದು ಬಯಲಾಗಬೇಕು. ಬಯಲಿನ ಮೇಲೆ ಮತ್ತೆ ನೀರು ಹರಿದು ಮರಳು ಕೂತು, ಅದೂ ಕಲ್ಲಾಗಿ ಮೇಲೇಳಬೇಕು. ಆರು ಸಾವಿರ ವರ್ಷದಲ್ಲಿ ಇದು ಮುಗಿಯುತ್ತದೆಯೇ? ಸಿಕಾರ್ ಪಾಯಿಂಟ್‌ನಲ್ಲಿ ಹಟನ್ ಜೊತೆಗಿದ್ದ ಜಾನ್ ಪ್ಲೇಫೇರ್, ಕಾಲದ ಆ ಆಳಕ್ಕೆ ಇಣುಕಿ ತಲೆ ಸುತ್ತಿದಂತಾಯಿತು ಎಂದು ಮುಂದೆ ಬರೆದರು. ಕ್ರಾಂತಿ ಎಂದರೆ ಇದೇ. ಹೊಸ ಕಲ್ಲೇನೂ ಸಿಗಲಿಲ್ಲ. ಮೀನುಗಾರರು ದಿನವೂ ನೋಡುತ್ತಿದ್ದ ಬಂಡೆ ಅದು.

ಕಣ್ಣು ಒಮ್ಮೆ ಬದಲಾದರೆ ಉಳಿದದ್ದೂ ಕಾಣತೊಡಗುತ್ತದೆ. ಆದಿಮಾನವರ ಕಲ್ಲಿನ ಕೊಡಲಿಗಳನ್ನು ಯುರೋಪಿನ ರೈತರು ಸಿಡಿಲಿನೊಂದಿಗೆ ಬಿದ್ದ ಕಲ್ಲೆಂದು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮನುಷ್ಯನೂ ಬಹಳ ಹಳಬ ಎಂಬುದನ್ನು ಇಂಗ್ಲೆಂಡಿನ ವಿದ್ವಾಂಸರು ಒಪ್ಪಿದ್ದು 1859ರಲ್ಲಿ. ನಾಲ್ಕೇ ವರ್ಷಕ್ಕೆ, 1863ರಲ್ಲಿ, ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಕಣ್ಣಿಗೆ ಅಂಥ ಕೊಡಲಿ ಬಿತ್ತು. ಅದು ಲಕ್ಷಾಂತರ ವರ್ಷ ಅಲ್ಲಿಯೇ ಬಿದ್ದಿತ್ತು. ಇದೇ ಫೂಟ್ ನಮ್ಮ ಸೀಮೆಯನ್ನೆಲ್ಲ ಸುತ್ತಿ, ಕಲಾದಗಿಯ ಕಲ್ಲುಗಳನ್ನು ವಿವರಿಸಿ 1876ರಲ್ಲಿ ಬರೆದರು.

ಹಟನ್ ಬಳಿ ಸಂಖ್ಯೆ ಇರಲಿಲ್ಲ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಸಂಖ್ಯೆಯಿಲ್ಲದೆಯೇ ಅವರು ಸರಿಯಾಗಿದ್ದರು. ಸಂಖ್ಯೆ ಇದ್ದ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ತಪ್ಪಿದರು. ಕಾದ ಭೂಮಿ ಆರಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಿ, 1897ರ ಹೊತ್ತಿಗೆ ಎರಡರಿಂದ ನಾಲ್ಕು ಕೋಟಿ ವರ್ಷವೆಂದರು. ಭೂಮಿಯ ಒಡಲು ಮೇಲೆಕೆಳಗಾಗಿ ಹೊರಳುತ್ತಾ ಶಾಖ ಸಾಗಿಸಬಲ್ಲದು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರ ಸಹಾಯಕರಾಗಿದ್ದ ಜಾನ್ ಪೆರಿ 1895ರಲ್ಲಿಯೇ ಹೀಗೆ ಎಚ್ಚರಿಸಿದ್ದರು. 1896ರಲ್ಲಿ ವಿಕಿರಣಶೀಲತೆ ಪತ್ತೆಯಾಯಿತು, ಕಲ್ಲಿನೊಳಗೇ ಗಡಿಯಾರ ಸಿಕ್ಕಿತು: ಯುರೇನಿಯಂನಂಥ ಧಾತು ಗೊತ್ತಾದ ವೇಗದಲ್ಲಿ ತಾನಾಗಿ ಒಡೆಯುತ್ತಾ ಕೊನೆಗೆ ಸೀಸವಾಗುತ್ತದೆ. ಉಲ್ಕಾಶಿಲೆಯ ಸೀಸವನ್ನು ಅಳೆದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ 455 ಕೋಟಿ ವರ್ಷವೆಂದರು. ಇಂದಿನ 454 ಅದರ ಪಕ್ಕದಲ್ಲೇ ಇದೆ. ಯಾರು ಬೇಕಾದರೂ ಮತ್ತೆ ಅಳೆಯಬಹುದು, ತಪ್ಪಿದ್ದರೆ ತಿದ್ದಬಹುದು.

ಬಾದಾಮಿ ರೈಲು ನಿಲ್ದಾಣದಿಂದ ಊರಿಗೆ ಸುಮಾರು ಐದು ಕಿಲೋಮೀಟರ್. ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್ ಹಿಡಿದು, ಊರಿನಿಂದ ನಿಲ್ದಾಣದ ಕಡೆಗೆ, ಇಂದಿನಿಂದ ಹಿಂದಕ್ಕೆ ನಡೆಯಿರಿ. 578ರಲ್ಲಿ ಮಂಗಳೇಶ ಶಾಸನ ಹಾಕಿಸಿದ ಈ ಮೂರನೆಯ ಗುಹೆ ಒಂದೂವರೆ ಮಿಲಿಮೀಟರ್ ದೂರದಲ್ಲಿದೆ, ಜೋಳದ ಕಾಳಿನ ಅರ್ಧಕ್ಕೂ ಕಡಿಮೆ. ಅಷರ್ ಅವರ ಸೃಷ್ಟಿ ಆರು ಮಿಲಿಮೀಟರ್‌ನಲ್ಲಿ. ವಿಜಯಪುರದ ಎರೆಮಣ್ಣಿಗೆ ತಾಯಿಯಾದ ಕರಿಕಲ್ಲು ಲಾವಾ ಆಗಿ ಹರಿದದ್ದು 66 ಮೀಟರ್ ಆಚೆ. ಬಾದಾಮಿಯ ಮರಳು ಕೂತದ್ದು ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ. ಭೂಮಿಯ ಹುಟ್ಟು ಕಾಣಬೇಕಾದರೆ ನಾಲ್ಕೂವರೆ ಕಿಲೋಮೀಟರ್ ದಾಟಿ, ನಿಲ್ದಾಣದ ಹತ್ತಿರಕ್ಕೇ ಹೋಗಬೇಕು.

ಆ ಹುಡುಗಿ ತೋರಿಸಿದ ಗೆರೆಗಳನ್ನು ಹತ್ತಿರದಿಂದ ನೋಡಿದರೆ, ಕೆಲವು ಮಟ್ಟಸವಾಗಿಲ್ಲ, ಒಂದೇ ಕಡೆಗೆ ಓರೆಯಾಗಿ ಇಳಿದಿವೆ. ಹರಿಯುವ ನೀರು ಮರಳನ್ನು ದಿಬ್ಬ ಮಾಡಿ ಮುಂದಕ್ಕೆ ತಳ್ಳಿದಾಗ ಇಂಥ ಗೆರೆ ಮೂಡುತ್ತದೆ, ಇಳಿಜಾರು ನೀರು ಹೋದ ದಿಕ್ಕಿಗೆ. ಇಲ್ಲೊಂದು ನದಿ ಹರಿಯುತ್ತಿತ್ತು. ದಡದಲ್ಲಿ ಗಿಡವಿಲ್ಲ, ಹುಲ್ಲಿಲ್ಲ, ನೀರಿನಲ್ಲಿ ಮೀನಿಲ್ಲ, ಏಕೆಂದರೆ ಅವು ಯಾವುವೂ ಇನ್ನೂ ಹುಟ್ಟಿರಲಿಲ್ಲ. ಕಂಬವನ್ನು ಮುಟ್ಟಿದಾಗ ಬೆರಳಿಗೆ ಎರಡು ಮರಳಿನ ಕಾಳು ಅಂಟಿದವು. ಮಳೆ ಬಂದರೆ ಇಂಥವು ಹಳ್ಳ ಸೇರಿ ಮಲಪ್ರಭೆಗೆ ಇಳಿಯುತ್ತವೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತವೆ, ನಾರಾಯಣಪುರ ಜಲಾಶಯದ ತಳದಲ್ಲಿ ಮತ್ತೆ ಮಟ್ಟಸವಾಗಿ ಕೂರುತ್ತವೆ.