ಬೆಂಗಳೂರಿಗಿಂತ ಹತ್ತಿರವಿದ್ದ ಮುಂಬಯಿ

ಉಡುಪಿ–ಮಂಗಳೂರು ನಡುವಿನ ಕಾಪು, ಶಿರ್ವ, ಮೂಲ್ಕಿ ಕಡೆಯ ಯಾವುದಾದರೂ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯನ್ನು ಬಿಡಿಸಿ ನೋಡಿದರೆ, ಪೂಜೆಯ ವಿವರಗಳೆಲ್ಲ ಮುಗಿದ ಮೇಲೆ ಎರಡು ಪಟ್ಟಿಗಳು ಅಕ್ಕಪಕ್ಕದಲ್ಲಿ ಇರುವುದುಂಟು. ಒಂದು ಊರಿನ ಜೀರ್ಣೋದ್ಧಾರ ಸಮಿತಿಯದು, ಇನ್ನೊಂದು ಮುಂಬಯಿ ಸಮಿತಿಯದು. ಎರಡನೆಯದೇ ಉದ್ದವಾಗಿರುವುದೂ ಅಪರೂಪವಲ್ಲ. 800 ಕಿಲೋಮೀಟರಿಗೂ ದೂರದ ನಗರವೊಂದು ಊರಿನ ದೇವರ ಕೆಲಸದಲ್ಲಿ ಇಷ್ಟು ಸಲೀಸಾಗಿ ಪಾಲುದಾರನಾದದ್ದು ಹೇಗೆಂಬುದಕ್ಕೆ ಈ ಕರಾವಳಿಯ ದಾರಿಗಳ ಚರಿತ್ರೆಯನ್ನೇ ನೋಡಬೇಕು.

ಬೆನ್ನಿಗೆ ಘಟ್ಟ, ಎದುರಿಗೆ ಕಡಲು. ಆಗುಂಬೆ, ಚಾರ್ಮಾಡಿ, ಶಿರಾಡಿಯ ದಾರಿಗಳಲ್ಲಿ ಎತ್ತಿನ ಮೇಲೆ ಹೇರು ಹೊರಿಸಿ ಹತ್ತುವುದಕ್ಕಿಂತ ಹಾಯಿ ಬಿಚ್ಚಿ ಹೊರಡುವುದು ಸುಲಭವಾಗಿತ್ತು. ಟ್ಯುನೀಷಿಯಾ ಮೂಲದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಸುಮಾರು 17 ವರ್ಷ ಮಲಬಾರಿನಿಂದ ಮಂಗಳೂರಿನವರೆಗಿನ ಈ ತೀರದಲ್ಲಿ ನೆಲಸಿ, ದಾಸ್ಯದಿಂದ ಬಿಡಿಸಿದ ಆಶು ಎಂಬವಳೊಂದಿಗೆ ಸಂಸಾರ ಹೂಡಿದ್ದ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿ ಪರ್ಶಿಯಾ ಮತ್ತು ಯೆಮೆನ್‌ನ ವ್ಯಾಪಾರಿಗಳನ್ನು ಕಂಡ. 1510ರಲ್ಲಿ ಪೋರ್ಚುಗೀಸರು ಗೋವಾವನ್ನು ಹಿಡಿದ ಮೇಲೆ, ಅದರಲ್ಲೂ 1560ರಲ್ಲಿ ಇನ್‌ಕ್ವಿಸಿಷನ್ (ಚರ್ಚಿನ ಧರ್ಮವಿಚಾರಣೆ) ಶುರುವಾದ ನಂತರ, ಕೊಂಕಣಿ ಮಾತಾಡುವ ಸಾರಸ್ವತರೂ ಕ್ರೈಸ್ತರೂ ಬೇರೆ ಬೇರೆ ಕಾಲದಲ್ಲಿ ಬಂದು ನೆಲೆ ಹುಡುಕಿಕೊಂಡದ್ದೂ ಇದೇ ತೀರದಲ್ಲಿ. ಪೇಟೆಗೆ ಬಂದರೆ ತುಳು, ಕನ್ನಡ, ಕೊಂಕಣಿ, ಬ್ಯಾರಿಗಳ ನಡುವೆ ನಾಲಿಗೆ ಹೊರಳಿಸುವ ಅಭ್ಯಾಸ ಹೀಗೆ ಬೆಳೆಯಿತು.

ಆಡಳಿತವೂ ಈ ಜಿಲ್ಲೆಯ ಮುಖವನ್ನು ಘಟ್ಟದ ಕಡೆಗೆ ತಿರುಗಿಸಲಿಲ್ಲ. 1799ರಲ್ಲಿ ಟಿಪ್ಪುವಿನ ಪತನದ ನಂತರ, ಉತ್ತರ ಮತ್ತು ದಕ್ಷಿಣ ಕನ್ನಡಗಳೆರಡೂ ಸೇರಿದ್ದ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿನೊಂದಿಗೇ ಉಳಿಯಿತು. 1907ರಲ್ಲಿ ಮಂಗಳೂರಿಗೆ ಬಂದ ರೈಲೂ ಮಲಬಾರಿನ ಮೂಲಕ ಮದ್ರಾಸಿನತ್ತ ಒಯ್ಯುತ್ತಿತ್ತು. ಮುಂಬಯಿಗೆ ಹೋಗುವವರು ಧಕ್ಕೆಯಿಂದ ದೋಣಿಯಲ್ಲಿ ಅಳಿವೆಬಾಗಿಲು ದಾಟಿ, ಮರಳದಿಬ್ಬದ ಆಚೆ ಲಂಗರು ಹಾಕಿದ ಸ್ಟೀಮರನ್ನು ಹತ್ತಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಹಾಸನದ ರೈಲು ಮಾರ್ಗ ತೆರೆದದ್ದು 1979ರಲ್ಲಿ, ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅಷ್ಟರಲ್ಲಿ ಮೂರು ತಲೆಮಾರು ಹೋಗಿ ಬಂದಾಗಿತ್ತು.

ಹೋದವರಲ್ಲಿ ಹೆಸರಾದವರು ಹೋಟೆಲಿನವರು. ಕಡಂದಲೆಯ ಕೃಷ್ಣ ರಾವ್ ಮದ್ರಾಸಿನಲ್ಲಿ ಬೆಳೆದು 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಬೋರ್ಡಿಂಗ್ ತೆರೆಯಿತು. ಆದರೆ ಹೆಸರಿಲ್ಲದೆ ಹೋದ ಹುಡುಗರ ಸಂಖ್ಯೆಯೇ ದೊಡ್ಡದು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಓದಿದವರು ಅವರು. ಬಂಟರು, ಬಿಲ್ಲವರು, ಮೊಗವೀರರು ತಂತಮ್ಮ ಸಂಘಗಳನ್ನು ಕಟ್ಟಿಕೊಂಡು ಈ ರಾತ್ರಿ ಶಾಲೆಗಳನ್ನು ಬೆಂಬಲಿಸಿದರು.

ಬಡತನ, ನೆರೆ, ಗೇಣಿ ಎಂದು ಕಾರಣ ಹೇಳುವುದು ವಾಡಿಕೆ, ಅದು ಸುಳ್ಳಲ್ಲ. ಆದರೆ ಹೋದವರು ಯಾಕೆ ಪೂರ್ತಿ ಹೋಗಿಬಿಡಲಿಲ್ಲ ಎಂಬುದೇ ನನಗೆ ಹೆಚ್ಚು ಕುತೂಹಲದ ಪ್ರಶ್ನೆ. ಅದರ ಉತ್ತರದ ದೊಡ್ಡ ಪಾಲು ಅಳಿಯಕಟ್ಟಿನಲ್ಲಿದೆ ಎಂದು ತೋರುತ್ತದೆ. ಕುಟುಂಬದ ಆಸ್ತಿ ತಾಯಿಯ ಸಾಲಿನಲ್ಲಿ ಹರಿಯುತ್ತಿತ್ತು, ಎಲ್ಲರೂ ಒಪ್ಪದೆ ಪಾಲು ಮಾಡುವಂತಿರಲಿಲ್ಲ. ಗಂಡಸು ಎಲ್ಲಿಗೇ ಹೋಗಲಿ, ಅವನ ಹಕ್ಕು ಅಕ್ಕತಂಗಿಯರಿದ್ದ ತರವಾಡು ಮನೆಯಲ್ಲೇ ಉಳಿಯುತ್ತಿತ್ತು; ಮಾರಿ ಕೈತೊಳೆದುಕೊಳ್ಳುವ ದಾರಿ ಅವನಿಗಿರಲಿಲ್ಲ. 1949ರ ಅಳಿಯಸಂತಾನ ಕಾಯ್ದೆ ಪಾಲಿನ ಹಕ್ಕನ್ನು ಕೊಟ್ಟ ಮೇಲೆ, 1974ರ ಭೂಸುಧಾರಣೆ ಗೇಣಿಯ ಗದ್ದೆಗಳನ್ನು ಒಕ್ಕಲುಗಳಿಗೆ ವಹಿಸಿದ ಮೇಲೆ, ಗದ್ದೆ ಹಂಚಿಹೋಯಿತು. ದೈವದ ಚಾವಡಿಯನ್ನು ಹಂಚಿಕೊಳ್ಳಲು ಬರುತ್ತದೆಯೇ? ನೇಮದ (ದೈವಕ್ಕೆ ನಡೆಸುವ ಆರಾಧನೆಯ) ರಾತ್ರಿ ದೈವ ಕುಟುಂಬದವರನ್ನು ಕರೆದು ನುಡಿ ಕೊಡುವಾಗ ಹಾಜರಿರುವುದಕ್ಕೆಂದೇ ಮುಂಬಯಿಯಿಂದ ಬಸ್ಸು ಹತ್ತಿ ಬರುವವರು ಇಂದಿಗೂ ಇದ್ದಾರೆ. ವರ್ಷವಿಡೀ ಬೀಗ ಹಾಕಿದ ಮನೆಯ ಅಂಗಳದಲ್ಲಿ ಆ ನಾಲ್ಕು ದಿನ ಮಾತ್ರ ಚಪ್ಪರ ಏಳುತ್ತದೆ.

1970ರ ದಶಕದಿಂದ ಕೊಲ್ಲಿ ದೇಶಗಳ ದಾರಿ ತೆರೆದು, ಬ್ಯಾರಿ ಮತ್ತು ಕ್ರೈಸ್ತ ಕುಟುಂಬಗಳಿಂದ ಮೊದಲ್ಗೊಂಡು ಎಲ್ಲರೂ ಅತ್ತ ಹೊರಟರು. ಹಣ ಬಂತು, ಹಂಚಿನ ಮಾಡು ಹೋಗಿ ತಾರಸಿ ಬಂತು.

ಊರಿನಲ್ಲಿ ತೆರವಾದ ಜಾಗಕ್ಕೆ ಈಗ ಬೇರೆಯವರು ಬಂದಿದ್ದಾರೆ. ಮಣ್ಣು ಕೆಲಸಕ್ಕೆ ಮೊದಲು ಬಂದವರು ಬಾಗಲಕೋಟೆ, ವಿಜಯಪುರ, ಗದಗದವರು. ಅವರನ್ನು ‘ಘಟ್ಟದವರು’ ಎಂದು ಕರೆಯುವಾಗ ದನಿಯಲ್ಲಿ ಒಂದಿಷ್ಟು ತಾತ್ಸಾರವಿರುತ್ತದೆ, ನಮ್ಮಜ್ಜಂದಿರನ್ನು ಮುಂಬಯಿಯವರು ‘ಮದ್ರಾಸಿ’ ಎಂದದ್ದನ್ನು ಮರೆತವರ ಹಾಗೆ. ಮಲ್ಪೆಯ ಬೋಟುಗಳಲ್ಲಿ ಈಗ ಒಡಿಶಾ, ಆಂಧ್ರದ ಕೆಲಸಗಾರರೂ ಬಲೆ ಎಳೆಯುತ್ತಾರೆ. ಜೂನ್ 1ರಿಂದ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮೇ ಕೊನೆಗೆ ಬೋಟುಗಳು ದಡ ಸೇರುತ್ತಿದ್ದಂತೆ ಅವರಲ್ಲಿ ಅನೇಕರು ಗಂಟುಮೂಟೆ ಕಟ್ಟಿಕೊಂಡು, ಮನೆಗೆ ಕೊಂಡೊಯ್ಯುವ ಸಾಮಾನಿನೊಂದಿಗೆ ತಮ್ಮೂರಿನ ರೈಲು ಹತ್ತುತ್ತಾರೆ.