ಮಧ್ಯಾಹ್ನವಾದರೂ ಖಾಲಿಯಾಗದ ನೀರಿನ ಬಾಟಲಿ

ಪ್ರೌಢಶಾಲೆಗಳ ಶೌಚಾಲಯ ನೋಡಿ ವರದಿ ಬರೆಯುವುದು ನನ್ನ ಕೆಲಸ. ಆದರೆ ಹೋದ ತಕ್ಷಣ ನಾನು ಆ ಕಡೆ ಕಾಲಿಡುವುದಿಲ್ಲ. ಮಧ್ಯಾಹ್ನದ ಮೇಲೆ ತರಗತಿಗೆ ಹೋಗಿ ಹುಡುಗಿಯರ ನೀರಿನ ಬಾಟಲಿ ನೋಡುತ್ತೇನೆ. ಬೆಳಿಗ್ಗೆ ತುಂಬಿಸಿ ತಂದ ನೀರು ಕತ್ತಿನವರೆಗೂ ಹಾಗೇ ಇದ್ದರೆ ಅರ್ಧ ವರದಿ ಮುಗಿದ ಹಾಗೆ. ಕೇಳಿದರೆ “ಬಾಯಾರಿಕೆನೇ ಆಗಲ್ಲ ಮೇಡಂ” ಅನ್ನುತ್ತಾರೆ. ಆಗದೆ ಏನು? ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತದೆ. ಅಲ್ಲಿಗೆ ಹೋಗಲು ಮನಸ್ಸಿಲ್ಲ. ಅದಕ್ಕೇ ಕುಡಿಯುವುದಿಲ್ಲ.

ಹದಿಹರೆಯದವರ ಮೂತ್ರಕೋಶ ಹೆಚ್ಚುಕಡಿಮೆ 400 ಮಿಲಿಲೀಟರ್ ಹಿಡಿಯುತ್ತದೆ. ಅರ್ಧ ತುಂಬುವಷ್ಟರಲ್ಲೇ ಹೋಗಬೇಕು ಅನ್ನಿಸುತ್ತದೆ. ದಿನವೂ ತಡೆದುಕೊಂಡರೆ, ಜೊತೆಗೆ ನೀರೂ ಕುಡಿಯದಿದ್ದರೆ, ಒಳಗೆ ಸೇರಿದ ಬ್ಯಾಕ್ಟೀರಿಯಾ ಹೊರಗೆ ತೊಳೆದುಹೋಗುವುದಿಲ್ಲ. ಹೆಣ್ಣುಮಕ್ಕಳ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಹಾಗಾಗಿ ಸೋಂಕು ಅವರಿಗೇ ಜಾಸ್ತಿ. ಎರಡಕ್ಕೆ ತಡೆದರೆ ಮಲಬದ್ಧತೆ. ತಲೆನೋವು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇವೆಲ್ಲ ಅದರ ಹಿಂದೆಯೇ ಬರುತ್ತವೆ.

ಈಗ ಲೆಕ್ಕಕ್ಕೆ ಬರೋಣ. 25 ಹುಡುಗಿಯರಿಗೆ ಒಂದು ಶೌಚಾಲಯ, 50 ಹುಡುಗರಿಗೆ ಒಂದು ಶೌಚಾಲಯ ಮತ್ತು ಒಂದು ಮೂತ್ರಾಲಯ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಗದದ ಮೇಲೆ ಸರಿಯಾಗಿದೆ, ಅಲ್ವಾ? ಆದರೆ ಮಕ್ಕಳು ದಿನವಿಡೀ ಒಬ್ಬೊಬ್ಬರಾಗಿ ಹೋಗುವುದಿಲ್ಲ. ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೇ ಓಡುತ್ತಾರೆ. ಬಿಡುವು 10 ನಿಮಿಷ. ಬಾಗಿಲು ಹಾಕಿ, ಬಟ್ಟೆ ಸರಿಮಾಡಿಕೊಂಡು, ನೀರು ಹಾಕಿ ಹೊರಬರಲು ಒಬ್ಬಳಿಗೆ 2 ನಿಮಿಷ ಅಂತಿಟ್ಟುಕೊಳ್ಳಿ. ಐದು ಜನರ ಸರದಿ ಮುಗಿಯುವಷ್ಟರಲ್ಲಿ ಮತ್ತೆ ಗಂಟೆ ಹೊಡೆಯುತ್ತದೆ. ಉಳಿದವರಲ್ಲಿ ಯಾರಾದರೂ ಪಾಠದ ನಡುವೆ ಕೈ ಎತ್ತಿದರೆ “ಬಿಡುವಿನಲ್ಲಿ ಏನು ಮಾಡ್ತಿದ್ದೆ?” ಎಂಬ ಪ್ರಶ್ನೆ. ಇನ್ನೊಂದು ಸಾಲು ಶೌಚಾಲಯ ಕಟ್ಟುವ ಮೊದಲು ತರಗತಿಗಳಿಗೆ ಬೇರೆಬೇರೆ ಹೊತ್ತಿನಲ್ಲಿ ಬಿಡುವು ಕೊಟ್ಟು ನೋಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ವೇಳಾಪಟ್ಟಿ ಮುಟ್ಟುವುದೆಂದರೆ ಗೋಡೆ ಒಡೆಯುವುದಕ್ಕಿಂತ ಕಷ್ಟ ಅನ್ನುವ ಹಾಗೆ ಮುಖ ಮಾಡುತ್ತಾರೆ.

ಆಮೇಲೆ ಚಿಲಕ. ಒಂದು ಶಾಲೆಯಲ್ಲಿ ಬಾಗಿಲಿಗೆ ಚಿಲಕದ ಜಾಗದಲ್ಲಿ ಎರಡು ತೂತು ಮಾತ್ರ ಇತ್ತು. ತೂತಿಗೆ ದುಪ್ಪಟ್ಟಾದ ಒಂದು ಚೂರು ಪೋಣಿಸಿ ಗಂಟು ಹಾಕಿದ್ದರು. ಒಳಗಿದ್ದವಳು ಒಂದು ಕೈಯಲ್ಲಿ ಅದನ್ನು ಹಿಡಿದೆಳೆದುಕೊಂಡೇ ಕೂರಬೇಕು. ಅದಕ್ಕೇ ಹುಡುಗಿಯರು ಜೋಡಿಯಾಗಿ ಹೋಗುತ್ತಿದ್ದರು, ಒಬ್ಬಳು ಹೊರಗೆ ಕಾವಲು. ಹರಟೆ ಹೊಡೆಯಲು ಜೊತೆಯಾಗಿ ಹೋಗ್ತಾರೆ ಅಂತ ಶಿಕ್ಷಕರು ಬೈಯುತ್ತಿದ್ದರಂತೆ. ಆ ಶಾಲೆಯ ದಾಖಲೆಯಲ್ಲಿ “ಸುಸ್ಥಿತಿಯಲ್ಲಿರುವ ಶೌಚಾಲಯ: 6” ಎಂದಿತ್ತು. ಅಂದಿನಿಂದ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನೋಡುವವರೆಗೂ ಯಾವುದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಲಕ ಬೀಳುತ್ತದಾ? ಬ್ಯಾಗ್ ನೇತುಹಾಕಲು ಮೊಳೆ ಇದೆಯಾ? ನಲ್ಲಿ ತಿರುಗಿಸಿದರೆ ನೀರು ಬರುತ್ತದಾ, ಬರೀ ಗಾಳಿಯಾ? ಹುಡುಗರ ಕಡೆಯೂ ಇದೇ ಕಥೆ. ಮೂತ್ರಾಲಯಗಳ ನಡುವೆ ಅಡ್ಡಗೋಡೆ ಇಲ್ಲದಿದ್ದರೆ ಎಷ್ಟೋ ಹುಡುಗರು ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ಅವರಿಗೂ ನಾಚಿಕೆ ಇರುತ್ತದೆ ಅನ್ನುವುದು ನಮಗೆ ಮರೆತೇಹೋಗಿರುತ್ತದೆ.

ವಾಸನೆ ಬಂದರೆ ಎಲ್ಲರ ಕೈಯೂ ಫಿನಾಯಿಲ್ ಡಬ್ಬಿಗೆ ಹೋಗುತ್ತದೆ. ಆಗಷ್ಟೇ ಮಾಡಿದ ಮೂತ್ರಕ್ಕೆ ಅಷ್ಟೊಂದು ವಾಸನೆ ಇರುವುದಿಲ್ಲ. ನೆಲದ ಮೇಲೆ, ಟೈಲ್ಸ್ ಸಂದಿಯಲ್ಲಿ ಅದು ನಿಂತಾಗ ಬ್ಯಾಕ್ಟೀರಿಯಾಗಳು ಅದರಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂಗು, ಕಣ್ಣು ಉರಿಸುವುದು ಅದೇ. ಜೊತೆಗೆ ಮೂತ್ರದ ಉಪ್ಪು ಹಳದಿ ಕಲ್ಲಿನ ಹಾಗೆ ಪೈಪಿಗೆ ಕಚ್ಚಿಕೊಳ್ಳುತ್ತದೆ. ಫಿನಾಯಿಲ್ ಈ ಕಲ್ಲನ್ನು ಅಲುಗಾಡಿಸುವುದಿಲ್ಲ, ವಾಸನೆಯ ಮೇಲೆ ಇನ್ನೊಂದು ವಾಸನೆ ಹಾಕುತ್ತದೆ ಅಷ್ಟೇ. ಕಲ್ಲು ಕರಗಲು ಆಸಿಡ್ ಇರುವ ಕ್ಲೀನರ್ ಬೇಕು, ಹಾಕಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಬ್ರಷ್‌ನಿಂದ ಉಜ್ಜಬೇಕು. ಆದರೆ ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಬೀಳಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. “ಎರಡೂ ಹಾಕಿದರೆ ಚೆನ್ನಾಗಿ ಹೋಗುತ್ತೆ” ಅಂತ ಒಬ್ಬ ಜವಾನ ನನ್ನೆದುರೇ ಎರಡು ಡಬ್ಬಿ ಎತ್ತಿದ್ದ. ಅವನ ಕೈ ಹಿಡಿದು ನಿಲ್ಲಿಸಿದೆ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೈಗವಸೂ ಕೊಟ್ಟಿರಲಿಲ್ಲ.

ಹುಡುಗಿಯರ ಕಡೆ ಮುಚ್ಚಳವಿರುವ ಬುಟ್ಟಿ ಒಳಗೇ ಇರಬೇಕು, ಹೊರಗಿನ ವರಾಂಡದಲ್ಲಲ್ಲ. ಬಳಸಿದ ಪ್ಯಾಡ್ ಹಿಡಿದುಕೊಂಡು ಎಲ್ಲರೆದುರು ಯಾರು ನಡೆದುಹೋಗುತ್ತಾರೆ? ಬುಟ್ಟಿ ಇಲ್ಲದಿದ್ದರೆ ಅದು ಕಮೋಡಿಗೆ ಬೀಳುತ್ತದೆ. ಪ್ಯಾಡ್ ಒಳಗಿನ ಪುಡಿ ನೀರು ಹೀರಿ ಊದಿಕೊಳ್ಳುವುದಕ್ಕೆಂದೇ ಇರುವುದು, ಪೈಪಿನೊಳಗೂ ಅದೇ ಕೆಲಸ ಮಾಡುತ್ತದೆ. ಆಮೇಲೆ “ಈ ಹುಡುಗಿಯರಿಗೆ ಬುದ್ಧಿ ಇಲ್ಲ” ಅನ್ನುವ ಮಾತು.

ಶೌಚಾಲಯ ತೊಳೆಯುವುದನ್ನು ಮಕ್ಕಳಿಗೆ ಶಿಕ್ಷೆಯಾಗಿ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಿಡುವು ಮುಗಿದ ಕೂಡಲೇ ಒಂದು ಸಲ, ಸಂಜೆ ಒಂದು ಸಲ ತೊಳೆಯಲು ಸಂಬಳ ಕೊಟ್ಟು ಜನ ಇಡಬೇಕು. ಬ್ರಷ್, ಬೂಟು, ಸೋಪು ತೀರಿದಾಗ ಯಾರನ್ನು ಕೇಳಬೇಕು ಅನ್ನುವುದು ಅವರಿಗೆ ಗೊತ್ತಿರಬೇಕು.

ಇನ್ನೊಂದು ಸಣ್ಣ ವಿಷಯ. ದೊಡ್ಡ ರಜೆ ಮುಗಿಸಿ ಶಾಲೆ ತೆರೆದ ದಿನ ಯಾರೂ ಬಳಸದ ಶೌಚಾಲಯವೇ ಗಬ್ಬು ನಾರುತ್ತಿರುತ್ತದೆ. ಕಮೋಡಿನ ಬಾಗಿದ ಕೊಳವೆಯಲ್ಲಿ ಕೆಲವೇ ಸೆಂಟಿಮೀಟರ್ ನೀರು ಸದಾ ನಿಂತು, ಗುಂಡಿಯ ಗಾಳಿ ಮೇಲೆ ಬರದಂತೆ ತಡೆಯುತ್ತದೆ. ರಜೆಯಲ್ಲಿ ಅದು ಆರಿಹೋಗುತ್ತದೆ. ಶಾಲೆ ಶುರುವಾಗುವ ಹಿಂದಿನ ದಿನ ಪ್ರತಿಯೊಂದಕ್ಕೂ ಒಂದು ಬಕೆಟ್ ನೀರು ಸುರಿದರೆ ಸಾಕು. ನೆಲದ ಜಾಲರಿಯ ಕೆಳಗೂ ಅಂಥದೇ ನೀರು ನಿಲ್ಲುವ ಜಾಗ ಇರುತ್ತದೆ, ಅಲ್ಲಿಗೂ ಒಂದು ಚೆಂಬು.